220ರಲ್ಲಿ ವಯಸ್ಸು ಕಳೆದರೆ

ಜಿಮ್‌ಗಳಲ್ಲಿ ಟ್ರೆಡ್‌ಮಿಲ್ ಎದುರಿನ ಗೋಡೆಗೆ ಬಣ್ಣದ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ: ಈ ವಯಸ್ಸಿಗೆ ಇಷ್ಟು ಎದೆಬಡಿತ, ಇಷ್ಟರವರೆಗೆ ಹಗುರ ವ್ಯಾಯಾಮ, ಅದರಾಚೆ ಬಿರುಸಿನದು. ಪಟ್ಟಿಯ ಹಿಂದಿರುವುದು ಒಂದೇ ಲೆಕ್ಕ. 220ರಲ್ಲಿ ವಯಸ್ಸು ಕಳೆದರೆ ಹೃದಯ ನಿಮಿಷಕ್ಕೆ ಗರಿಷ್ಠ ಎಷ್ಟು ಸಲ ಬಡಿಯಬಲ್ಲದು ಎಂಬುದು ಸಿಗುತ್ತದಂತೆ. ಎಷ್ಟೋ ಸ್ಮಾರ್ಟ್‌ವಾಚ್‌ಗಳೂ ಆಸ್ಪತ್ರೆಯ ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಕೋಣೆಗಳೂ ಇದನ್ನೇ ನೆಚ್ಚಿವೆ. ಇಷ್ಟು ಅಧಿಕಾರ ನಡೆಸುವ ಸೂತ್ರದ ಬುಡ ಮಾತ್ರ ತೀರಾ ಸಡಿಲ. 1971ರಲ್ಲಿ ಅಮೆರಿಕದ ಸ್ಯಾಮುಯೆಲ್ ಫಾಕ್ಸ್, ಜಾನ್ ನಾಟನ್, ವಿಲಿಯಂ ಹ್ಯಾಸ್ಕೆಲ್ ಬರೆದ ಲೇಖನದಲ್ಲಿ ಇದರ ಬೇರಿದೆ. ಬೇರೆ ಬೇರೆ ಅಧ್ಯಯನಗಳಿಂದ ಆಯ್ದ ಸುಮಾರು 35 ಅಂಕಿಗಳನ್ನು ಮುಂದಿಟ್ಟುಕೊಂಡು ಕಣ್ಣಂದಾಜಿನಲ್ಲಿ ಎಳೆದ ಗೆರೆ ಅದು. ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಹೇಳಿರಲೇ ಇಲ್ಲ ಎಂದು ಹ್ಯಾಸ್ಕೆಲ್ ಅವರೇ ಮುಂದೆ ಸ್ಪಷ್ಟಪಡಿಸಿದರು.

ವಯಸ್ಸಾದಂತೆ ಗರಿಷ್ಠ ಬಡಿತ ಇಳಿಯುವುದು ನಿಜ. ಹೃದಯದ ಸಹಜ ಲಯ ನಿಧಾನವಾಗುತ್ತದೆ, ಅಡ್ರಿನಲಿನ್‌ಗೆ ಅದು ಸ್ಪಂದಿಸುವ ಚುರುಕೂ ತಗ್ಗುತ್ತದೆ. ಆದರೆ ಒಂದೇ ವಯಸ್ಸಿನ ಆರೋಗ್ಯವಂತರನ್ನು ಓಡಿಸಿ ಅಳೆದರೂ ಸರಿಸುಮಾರು ಮೂವರಲ್ಲಿ ಒಬ್ಬರ ಗರಿಷ್ಠ ಬಡಿತ ಸೂತ್ರದ ಅಂದಾಜಿಗಿಂತ ಹತ್ತಕ್ಕೂ ಹೆಚ್ಚು ಆಚೀಚೆ ಇರುತ್ತದೆ. ನಲವತ್ತರ ಇಬ್ಬರನ್ನು ತೆಗೆದುಕೊಳ್ಳಿ. ಪಟ್ಟಿಯ ಪ್ರಕಾರ ಇಬ್ಬರಿಗೂ ಗರಿಷ್ಠ 180, ಬಿರುಸಿನ ವ್ಯಾಯಾಮಕ್ಕೆ ಅದರ ಶೇ 85 ಎಂದರೆ 153. ಒಬ್ಬರ ನಿಜವಾದ ಗರಿಷ್ಠ 160 ಆಗಿದ್ದರೆ 153 ಎನ್ನುವುದು ಉಸಿರು ಕಟ್ಟುವ ಓಟ. ಇನ್ನೊಬ್ಬರದು 200 ಆಗಿದ್ದರೆ ಅದು ಶೇ 77ನ್ನೂ ಮುಟ್ಟದ ಸಾಧಾರಣ ಶ್ರಮ. ಮೊದಲನೆಯವರು ತಮಗೆ ತಾಕತ್ತಿಲ್ಲವೆಂದು ನೊಂದುಕೊಂಡು ಜಿಮ್ ಬಿಡುತ್ತಾರೆ, ದೋಷ ಅವರದಲ್ಲ. ಕ್ರೀಡಾಪಟುಗಳ ವಿಷಯದಲ್ಲಿ ಹಾನಿ ಇನ್ನೂ ಸೂಕ್ಷ್ಮ. ತರಬೇತಿಯಿಂದ ಗರಿಷ್ಠ ಬಡಿತ ಏರುವುದಿಲ್ಲ, ಒಂದೊಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪ್ರಮಾಣ ಏರುತ್ತದೆ. ಹಾಗಾಗಿ ಗರಿಷ್ಠ ಬಡಿತ ಸಾಮರ್ಥ್ಯದ ಅಳತೆಯೇ ಅಲ್ಲ. ತಂಡಕ್ಕೆಲ್ಲ ಒಂದೇ ಪಟ್ಟಿ ಹಿಡಿದು ತಾಲೀಮು ಕೊಡುವ ಕೋಚ್ ಕೆಲವರನ್ನು ದಣಿಸಿ, ಕೆಲವರನ್ನು ಸೋಮಾರಿಗಳನ್ನಾಗಿಸುತ್ತಾರೆ.

ಸೂತ್ರ ತಪ್ಪಿದ್ದರೆ ತಿದ್ದಿದರಾಯಿತು ಎನ್ನುವವರಿದ್ದಾರೆ. ತಿದ್ದಿಯೂ ಆಗಿದೆ. 2001ರಲ್ಲಿ ಹಿರೋಫುಮಿ ತನಾಕ ಮತ್ತು ಸಂಗಡಿಗರು 351 ಅಧ್ಯಯನಗಳ 18,712 ಜನರ ಮಾಹಿತಿ ಕಲೆಹಾಕಿ, 208ರಲ್ಲಿ ವಯಸ್ಸಿನ 0.7ರಷ್ಟನ್ನು ಕಳೆಯಬೇಕೆಂದರು. ಎಪ್ಪತ್ತರವರಿಗೆ ಹಳೆಯ ಲೆಕ್ಕ 150 ಕೊಟ್ಟರೆ ಇದು 159 ಕೊಡುತ್ತದೆ. ಹಿರಿಯರ ಮಟ್ಟಿಗೆ ಇದು ದೊಡ್ಡ ಸುಧಾರಣೆ. ಆದರೂ ಇದು ತಿದ್ದಿದ್ದು ಸರಾಸರಿಯನ್ನು. ವ್ಯಕ್ತಿಯಿಂದ ವ್ಯಕ್ತಿಗಿರುವ ಅಂತರ ಹಾಗೇ ಉಳಿಯಿತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಲ್ಯಾಬ್ ಪರೀಕ್ಷೆ ಎಲ್ಲರ ಕೈಗೆಟುಕದು, ಏನೂ ಇಲ್ಲದಿರುವುದಕ್ಕಿಂತ ಒಂದು ಅಂದಾಜಾದರೂ ಇರಲಿ. ಏನೂ ಇಲ್ಲ ಎಂಬುದೇ ಇಲ್ಲಿ ಸರಿಯಲ್ಲ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಮಾಪಕದಲ್ಲಿ ತಮಗೆಷ್ಟು ಆಯಾಸವಾಗುತ್ತಿದೆ ಎಂದು ವ್ಯಾಯಾಮ ಮಾಡುವವರೇ ಹೇಳುತ್ತಾರೆ. ಅದಕ್ಕಿಂತಲೂ ಸರಳವಾದದ್ದು ಮಾತಿನ ಪರೀಕ್ಷೆ: ನಡೆಯುತ್ತಾ ಮಾತಾಡಲು ಸಾಧ್ಯ, ಹಾಡಲು ಆಗದು ಎಂದಾದರೆ ಶ್ರಮ ಮಧ್ಯಮ, ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಬಿರುಸು. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗಂತೂ ಇವೇ ಗತಿ. ಆ ಮಾತ್ರೆ ಬಡಿತವನ್ನೇ ತಗ್ಗಿಸುವುದರಿಂದ ಗೋಡೆಯ ಪಟ್ಟಿಯ ಸಂಖ್ಯೆ ಮುಟ್ಟಲು ಹೊರಟರೆ ಅವರು ಮಿತಿಮೀರಿ ದುಡಿಯಬೇಕಾಗುತ್ತದೆ. ಈ ಎಚ್ಚರಿಕೆಯ ಒಂದು ಸಾಲನ್ನಾದರೂ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ಜಿಮ್ ನಡೆಸುವವರ ಹೊಣೆ.