ಕೆತ್ತಿದ ಕೈ ಯಾವುದು?

ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯದಿಂದ ಹೋದ ತಿಂಗಳು 11 ಪುಟ ತೆಗೆದುಹಾಕಿದೆ. ವರ್ಚುವಲ್ ಲೋಕಗಳಲ್ಲಿ ಸಾಮಾನ್ಯ ಬಳಕೆದಾರರೇ ಉಡುಪು, ಆಯುಧ, ಮನೆಗಳನ್ನು ತಯಾರಿಸಿ ಮಾರುತ್ತಾರೆ, ಇದು ನಮ್ಮ ಕಾಲದ ಕರಕುಶಲ ಎಂಬುದು ಅಲ್ಲಿನ ವಾದವಾಗಿತ್ತು. ಅದಕ್ಕೆ ಉದಾಹರಣೆಯಾಗಿ, ಅಂಥದೊಂದು ಲೋಕದ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಯೋಧನ ಕವಚವೊಂದನ್ನು ಬಾಯ್ತುಂಬ ಹೊಗಳಿದ್ದೆ. ರಜೆಗೆಂದು ಮಂಜಗುಣಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿ ನಕ್ಕ. "ಅಕ್ಕ, ಇದು ಗೇಮಿಂದಲ್ವಾ? ಭುಜದ ಮೇಲಿನ ಗೀರೂ ಹಾಗೇ ಇದೆ."

ಕದಿಯುವುದು ಕಷ್ಟದ ಕೆಲಸವಲ್ಲ. ಗೇಮ್ ಪರದೆಯ ಮೇಲೆ ಮೂಡಬೇಕಾದರೆ ಆಕೃತಿಯ ಜಾಲವೂ ಅದರ ಮೇಲೆ ಹೊದಿಸುವ ಚಿತ್ರಗಳೂ ಆಡುವವರ ಗ್ರಾಫಿಕ್ಸ್ ಕಾರ್ಡಿಗೆ ಬರಲೇಬೇಕು. ಅಲ್ಲಿಂದ ಅವನ್ನು ಎತ್ತಿಕೊಳ್ಳುವ ತಂತ್ರಾಂಶಗಳಿವೆ. ಹೆಸರು ಬದಲಿಸಿ, ಬಣ್ಣ ಸ್ವಲ್ಪ ತಿದ್ದಿದರೆ ಮಾರಾಟಕ್ಕೆ ಸಿದ್ಧ.

2003ರಲ್ಲಿ ಶುರುವಾದ 'ಸೆಕೆಂಡ್ ಲೈಫ್' ತನ್ನೊಳಗೆ ತಯಾರಾದದ್ದರ ಹಕ್ಕು ತಯಾರಿಸಿದವರದ್ದೇ ಎಂದು ಅದೇ ವರ್ಷ ಒಪ್ಪಿತು. 2006ರ ನವೆಂಬರಿನಲ್ಲಿ 'ಕಾಪಿಬಾಟ್' ಎಂಬ ತಂತ್ರಾಂಶ ಅಲ್ಲಿನ ವಸ್ತುಗಳನ್ನು ನಕಲು ಮಾಡತೊಡಗಿದಾಗ ಅನೇಕ ವ್ಯಾಪಾರಿಗಳು ಪ್ರತಿಭಟಿಸಿ ಅಂಗಡಿ ಮುಚ್ಚಿದರು. 2011ರಲ್ಲಿ ಹೊರಗೆ ಸಿದ್ಧಪಡಿಸಿದ ಮಾದರಿಗಳನ್ನು ಒಳತರಲು ಅವಕಾಶವಾಯಿತು. ಕುಶಲಿಗಳಿಗೆ ತೆರೆದ ಆ ಬಾಗಿಲಿನಿಂದಲೇ ಗೇಮ್‌ಗಳ ಕದ್ದ ಮಾಲೂ ಒಳಬಂತು.

ಕೋಟಿಗಟ್ಟಲೆ ಗಳಿಸುವ ಕಂಪನಿಗೆ ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಪೆಟ್ಟು ಬೀಳುವುದು ಪಕ್ಕದ ಅಂಗಡಿಗೆ. ವಾರಗಟ್ಟಲೆ ಕೂತು ಒಂದೊಂದೇ ಬಿಂದು ಎಳೆದು ಕವಚ ಮಾಡಿದವಳು, ಸ್ಟುಡಿಯೊ ಒಂದರ ಇಡೀ ತಂಡದ ದುಡಿಮೆಯನ್ನು ಅಗ್ಗಕ್ಕೆ ಮಾರುವವನ ಎದುರು ನಿಲ್ಲಬೇಕು. ದೂರು ಕೊಡಲು ಹೋದರೆ ಅದೂ ಅವಳ ಕೈಲಿಲ್ಲ. ಅಮೆರಿಕದ 1998ರ ಕಾಯ್ದೆಯ ಪ್ರಕಾರ ನೋಟಿಸ್ ಕೊಡಬೇಕಾದವರು ಹಕ್ಕುದಾರರು ಅಥವಾ ಅವರು ನೇಮಿಸಿದವರು. ನಮ್ಮ ಕಾಯ್ದೆಯೂ ಹಕ್ಕುದಾರರ ಲಿಖಿತ ದೂರನ್ನೇ ಕೇಳುತ್ತದೆ. ಕಂಪನಿ ಸುಮ್ಮನಿದ್ದರೆ ಕಳ್ಳತನ ಕಣ್ಣೆದುರೇ ನಡೆಯುತ್ತಿದ್ದರೂ ಅವಳು ಸುಮ್ಮನಿರಬೇಕು.

ಇನ್ನೊಂದು ಸಮರ್ಥನೆ ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇಗ ರುಚಿಸುತ್ತದೆ. ಪರಂಪರೆ ಎಂದರೇ ನಕಲು, ಯಕ್ಷಗಾನದ ಕಿರೀಟ ಯಾರ ಸ್ವತ್ತು ಎಂಬ ವಾದ ಅದು. ಯಾರ ಸ್ವತ್ತೂ ಅಲ್ಲ, ನಿಜ. ಆದರೆ ಅದನ್ನು ನೋಡಿ ಕಲಿತವನು ಹಗುರ ಮರವನ್ನು ತಾನೇ ಕೆತ್ತಬೇಕು, ಬೇಗಡೆಯನ್ನು ತಾನೇ ಅಂಟಿಸಬೇಕು. ಅಷ್ಟರಲ್ಲಿ ಅವನ ಕೈಗುಣ ಅದಕ್ಕೆ ಇಳಿದಿರುತ್ತದೆ. ಇನ್ನೊಬ್ಬರ ಚೌಕಿಯಿಂದ ಕಿರೀಟ ಹೊತ್ತುಕೊಂಡು ಬಂದವನನ್ನು ಯಾರೂ ಶಿಷ್ಯ ಎನ್ನುವುದಿಲ್ಲ.

ಎಲ್ಲರದ್ದಾದ ಪರಂಪರೆಯೊಳಗೂ ಒಬ್ಬರ ದುಡಿಮೆಯನ್ನು ಗುರುತಿಸಬಹುದು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ರೂಪ ಕೊಟ್ಟರು. 1997ರಲ್ಲಿ ಅವರು ತೀರಿಕೊಂಡ ನಂತರ ಆ ಪ್ರಯೋಗಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಹೊಸದಾಗಿ ಕಟ್ಟಿದ್ದರ ಹಕ್ಕು ಉಯಿಲಿನಂತೆ ವಾರಸುದಾರರಿಗೆ ಸೇರುತ್ತದೆಂದು 2009ರ ತೀರ್ಪು ಒಪ್ಪಿತು. ಕಾಯ್ದೆ ಬಿಟ್ಟುಕೊಟ್ಟಿರುವ ನ್ಯಾಯಯುತ ಬಳಕೆಗೆ ಅಡ್ಡಿಯಿಲ್ಲ ಎಂದೂ ಹೇಳಿತು. ಯಕ್ಷಗಾನ ಎಲ್ಲರದ್ದಾಗಿಯೇ ಉಳಿಯಿತು, ಕಾರಂತರ ಕೆಲಸ ಕಾರಂತರದ್ದಾಗಿಯೂ ಉಳಿಯಿತು.

ನನ್ನ ತಪ್ಪು ಕಾನೂನಿನದಲ್ಲ, ವಿಮರ್ಶೆಯದು. ವಸ್ತುವಿನ ನಯಕ್ಕೆ ಮರುಳಾಗಿ ಅದು ಆದ ಬಗೆಯನ್ನು ಕೇಳಲಿಲ್ಲ. 'ಜನರ ಸೃಜನಶೀಲತೆ' ಎಂದು ಬರೆದ ಕ್ಷಣ ಜಾಣತನದ ಕೆಲಸ ಮಾಡಿದೆನೆಂದುಕೊಂಡೆ. ಆದರೆ ನಿಜವಾಗಿ ಕೆತ್ತಿದವರ ಹೆಸರು ಅಳಿಸುವುದರಲ್ಲಿ ನಾನೂ ಒಂದು ಕೈ ಸೇರಿಸಿದ್ದೆ.

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಈಗ ಯಾವುದೇ ಮಾದರಿಯ ಬಗ್ಗೆ ಒಂದು ಸಾಲು ಬರೆಯುವ ಮೊದಲು ಮಾರುವವರನ್ನು ಕೇಳುವುದು ಒಂದೇ: ಅರ್ಧ ಆಗಿದ್ದಾಗ ಇದು ಹೇಗಿತ್ತು, ತೋರಿಸುತ್ತೀರಾ? ಮಾಡಿದವರು ಸಂಭ್ರಮದಿಂದ ಹಳೆಯ ಕಡತಗಳನ್ನು ತೆರೆದು ಕೂರುತ್ತಾರೆ. ಉಳಿದವರಿಂದ ಉತ್ತರವೇ ಬರುವುದಿಲ್ಲ.