ಷಾಟೊ ಲಾತೂರ್: ಒಗರು ಮಾಗುವ ಬಗೆ

ಷಾಟೊ ಲಾತೂರ್ ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನ್. ಬೋರ್ಡೊ ನಗರದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಗೆ ಹಬ್ಬಿರುವ ಮೆದೊಕ್ ಪ್ರದೇಶದಲ್ಲಿ ಪೊಯ್ಯಾಕ್ ಎಂಬ ಊರಿದೆ. ಅದರ ದಕ್ಷಿಣದ ಅಂಚಿನಲ್ಲಿ ಇದರ ತೋಟ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೊದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಆಗ ಮೊದಲ ದರ್ಜೆ ಪಡೆದ ನಾಲ್ಕರಲ್ಲಿ ಇದೂ ಒಂದು. ಉಳಿದವು ಲಫಿತ್, ಮಾರ್ಗೊ ಮತ್ತು ಒ-ಬ್ರಿಯಾಂ. ಮೂತೊಂ ಆ ಸಾಲಿಗೆ ಸೇರಿದ್ದು 1973ರಲ್ಲಿ. ಈ ಐದರಲ್ಲಿ ಲಫಿತ್‌ಗೆ ನಯದ, ಮಾರ್ಗೊಗೆ ಪರಿಮಳದ ಹೆಸರಿದ್ದರೆ ಲಾತೂರ್‌ಗೆ ದೀರ್ಘಾಯುಷ್ಯದ ಹೆಸರು. ಒಳ್ಳೆಯ ವರ್ಷದ ಬಾಟಲಿ ಐವತ್ತು ವರ್ಷ ದಾಟಿದರೂ ಜೀವ ಹಿಡಿದಿರುತ್ತದೆ. ಆದರೆ ವೈನ್ ಬಹುಕಾಲ ಕೆಡದೆ ಉಳಿಯುವುದು ಬೇರೆ, ಕಾಲ ಕಳೆದಂತೆ ಗುಣದಲ್ಲಿ ಏರುವುದು ಬೇರೆ. ಲಾತೂರನ್ನು ಅಳೆಯಬೇಕಾದದ್ದು ಎರಡನೆಯದರಿಂದ.

ಅದರ ಆಯುಷ್ಯದ ಬೇರು ನೆಲದಲ್ಲಿದೆ. ತೋಟದ ಒಟ್ಟು ವಿಸ್ತಾರ ಹೆಚ್ಚಿದ್ದರೂ ಮುಖ್ಯ ವೈನಿಗೆ ಹಣ್ಣು ಬರುವುದು ಬಹುಮಟ್ಟಿಗೆ ಲಾಂಕ್ಲೊ ಎಂದು ಕರೆಯುವ, ಮನೆಯ ಸುತ್ತಲಿನ 47 ಹೆಕ್ಟೇರುಗಳಿಂದ. ಮೇಲೆ ದಪ್ಪ ನೊರಜುಗಲ್ಲಿನ ಪದರ, ಕೆಳಗೆ ಜೇಡಿಮಣ್ಣು. ಕಲ್ಲು ಹಗಲಿನ ಬಿಸಿಲನ್ನು ಹೀರಿ ಇರುಳಿನಲ್ಲಿ ಬಳ್ಳಿಗೆ ಕೊಡುತ್ತದೆ, ಮಳೆನೀರನ್ನು ನಿಲ್ಲಗೊಡದೆ ಬಸಿದುಬಿಡುತ್ತದೆ. ಬೇರು ನೀರನ್ನು ಅರಸಿ ಆಳಕ್ಕಿಳಿಯಬೇಕು. ಅಲ್ಲಿ ಜೇಡಿ ಕಾಪಿಟ್ಟ ತೇವ ಅದಕ್ಕೆ ಸಿಗುತ್ತದೆ. 2003ರ ಆಗಸ್ಟಿನಲ್ಲಿ ಯುರೋಪಿಗೆಲ್ಲ ಉರಿ ಬಡಿದು ಅನೇಕ ತೋಟಗಳ ಹಣ್ಣು ಒಣಗಿ ಬಾಡಿದಾಗ ಲಾತೂರ್ ಬಳ್ಳಿಗಳು ತಡೆದು ನಿಂತದ್ದು ಈ ಜೇಡಿಯ ಬಲದಿಂದ. ಅಳಿವೆಯೂ ಹತ್ತಿರದಲ್ಲೇ ಇದೆ, ಕೆಲವು ನೂರು ಮೀಟರ್ ದೂರದಲ್ಲಿ. ಆ ಅಗಲವಾದ ನೀರು ಚಳಿಯ ಮೊನೆಯನ್ನು ಮುರಿಯುತ್ತದೆ. 1991ರ ವಸಂತದಲ್ಲಿ ಹಿಮ ಬಿದ್ದು ಬೋರ್ಡೊದ ಚಿಗುರು ಸುಟ್ಟುಹೋದ ವರ್ಷ ಲಾತೂರಿಗೆ ತಗಲಿದ ಪೆಟ್ಟು ನೆರೆಹೊರೆಯ ಹಲವರಿಗಿಂತ ಕಡಿಮೆ.

ಈ ನೆಲಕ್ಕೆ ಒಪ್ಪಿದ ತಳಿ ಕ್ಯಾಬರ್ನೆ ಸೊವಿನ್ಯೋಂ. ತೋಟದ ಬಹುಪಾಲು ಅದೇ. ಮೆರ್ಲೊ, ಕ್ಯಾಬರ್ನೆ ಫ್ರಾಂಕ್, ಪೆಟಿ ವೆರ್ದೊ ಉಳಿದ ಜಾಗದಲ್ಲಿ. ಇತ್ತೀಚಿನ ಹಲವು ವರ್ಷಗಳಲ್ಲಿ ಮುಖ್ಯ ವೈನಿನ ಮಿಶ್ರಣದಲ್ಲಿ ಕ್ಯಾಬರ್ನೆ ಸೊವಿನ್ಯೋಂ ಪಾಲು ಶೇ. 90ನ್ನು ಮುಟ್ಟಿದೆ, ದಾಟಿಯೂ ಇದೆ. ಇದರ ಹಣ್ಣು ಸಣ್ಣದು, ಸಿಪ್ಪೆ ದಪ್ಪ; ರಸಕ್ಕೆ ಹೋಲಿಸಿದರೆ ಸಿಪ್ಪೆ ಬೀಜಗಳ ಪಾಲು ಹೆಚ್ಚು. ಬಣ್ಣವೂ ಟ್ಯಾನಿನ್ ಎಂಬ ಒಗರು ದ್ರವ್ಯವೂ ಇರುವುದು ಅವುಗಳಲ್ಲೇ. ಆದ್ದರಿಂದ ಎಳೆಯ ಲಾತೂರ್ ಕುಡಿದವರ ಬಾಯಿ ಎಳೆ ಅಡಿಕೆ ಜಗಿದಂತೆ ಬಿಗಿದುಕೊಳ್ಳುತ್ತದೆ. ಹಣ್ಣಿನ ಸವಿ ಇದ್ದೇ ಇರುತ್ತದೆ, ಕಪ್ಪು ಕರಂಟ್ ಹಣ್ಣಿನ ಪರಿಮಳವೂ ಇರುತ್ತದೆ; ಆದರೆ ಅವೆಲ್ಲ ಒಗರಿನ ಗೋಡೆಯ ಆಚೆಗೆ.

ಬಾಟಲಿಯೊಳಗೆ ನಡೆಯುವ ಕೆಲಸ ನಿಧಾನದ್ದು. ಸಿಪ್ಪೆಯಿಂದ ಬಂದ ಆಂಥೋಸಯನಿನ್ ಎಂಬ ಬಣ್ಣದ ಕಣಗಳು ಟ್ಯಾನಿನ್ ಜೊತೆ ಕೂಡಿಕೊಂಡು ಸ್ಥಿರವಾದ ಬಣ್ಣವಾಗುತ್ತವೆ. ಎಳೆಯದರ ನೇರಳೆಗಪ್ಪು ಮೊದಲು ಮಾಣಿಕ್ಯದ ಕೆಂಪಿಗೆ, ದಶಕಗಳು ಕಳೆದ ಮೇಲೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು ಇದರಿಂದ. ಟ್ಯಾನಿನ್ ಕಣಗಳು ಪರಸ್ಪರ ಹೆಣೆದುಕೊಂಡು ಉದ್ದವಾಗುತ್ತವೆ. ಭಾರವಾದವು ಗಷ್ಟಾಗಿ ತಳ ಸೇರುತ್ತವೆ. ಒಗರು ತಗ್ಗಲು ಗಷ್ಟು ಇಳಿಯುವುದೊಂದೇ ಕಾರಣವಲ್ಲ. ಉಳಿದ ಕಣಗಳು ಒಡೆದು ಮತ್ತೆ ಕೂಡಿ ಬೇರೆ ಆಕಾರ ತಳೆಯುತ್ತವೆ, ನಾಲಿಗೆಯನ್ನು ಮೊದಲಿನಂತೆ ಹಿಡಿಯುವುದಿಲ್ಲ. ಬಿರಡೆಯ ಮೂಲಕ ಒಳಸೇರುವ ಅತ್ಯಲ್ಪ ಆಮ್ಲಜನಕ ಈ ಬದಲಾವಣೆಗೆ ನೆರವಾಗುತ್ತದೆ. ಜೊತೆಗೇ ಹಣ್ಣಿನ ನೇರ ವಾಸನೆ ಹಿಂದೆ ಸರಿದು ದೇವದಾರು ಮರ, ತಂಬಾಕಿನ ಎಲೆ, ಪೆನ್ಸಿಲ್ ಸೀಸ, ಹದ ಮಾಡಿದ ತೊಗಲು, ಅಕ್ರೋಟು ಮುಂತಾದ ಪರಿಮಳಗಳು ಮೇಲೇಳುತ್ತವೆ. ಎಳೆಯ ವೈನಿನಲ್ಲಿ ಇವು ಇಲ್ಲ. ಕಾದವರಿಗೆ ಸಿಗುವುದು ಇದೇ. ಟ್ಯಾನಿನ್ ಒಂದೇ ಹೇರಳವಾಗಿದ್ದು ಹಣ್ಣಿನ ಸಾರ ತೆಳುವಾಗಿರುವ ವೈನುಗಳೂ ಮೆದೊಕ್‌ನಲ್ಲಿ ಬಂದಿವೆ. ಅಂಥವು ಮೂವತ್ತು ವರ್ಷ ಇಟ್ಟರೂ ಮಾಗುವುದಿಲ್ಲ, ಹಣ್ಣು ಬತ್ತಿ ಒಗರೇ ಉಳಿಯುತ್ತದೆ. ಲಾತೂರಿನ ದೊಡ್ಡ ವರ್ಷಗಳ ಹಿರಿಮೆ ಒಗರಿನಷ್ಟೇ ಸಾರವೂ ತುಂಬಿರುವುದರಲ್ಲಿದೆ.

ನೆಲ ಮತ್ತು ತಳಿಯಷ್ಟರಿಂದಲೇ ಇದೆಲ್ಲ ಆಗುವುದಿಲ್ಲ ಎಂಬುದಕ್ಕೆ ಈ ತೋಟದ ಚರಿತ್ರೆಯೇ ಸಾಕ್ಷಿ. 18ನೇ ಶತಮಾನದಲ್ಲಿ ಲಫಿತ್ ಮತ್ತು ಲಾತೂರ್ ಎರಡನ್ನೂ ಹಿಡಿದಿದ್ದ ಸೆಗ್ಯೂರ್ ಮನೆತನದವರ ಕೈಯಿಂದ ಇದು 1963ರಲ್ಲಿ ಇಂಗ್ಲಿಷ್ ಒಡೆತನಕ್ಕೆ ಹೋಯಿತು. ಹೊಸಬರು 1964ರಲ್ಲೇ ಹಳೆಯ ಮರದ ತೊಟ್ಟಿಗಳನ್ನು ತೆಗೆದು ಉಕ್ಕಿನ ತೊಟ್ಟಿ ಇಡಿಸಿದರು. ಹುಳಿಯುವ ರಸದ ಬಿಸಿಯನ್ನು ಹತೋಟಿಯಲ್ಲಿಡಲು ಅದರಿಂದ ಸಾಧ್ಯವಾಯಿತು. ಆಗ ಬೋರ್ಡೊದಲ್ಲಿ ಅದು ಧೈರ್ಯದ ಹೆಜ್ಜೆ. 1966ರ ಬೆಳೆಯಿಂದ ಲೆ ಫೋರ್ ದ ಲಾತೂರ್ ಎಂಬ ಎರಡನೆಯ ವೈನ್ ಶುರುವಾಯಿತು. ಎಳೆಯ ಬಳ್ಳಿಗಳ ಹಣ್ಣು, ಮಟ್ಟಕ್ಕೆ ಬಾರದ ತೊಟ್ಟಿಗಳು ಅದಕ್ಕೆ ಹೋದವು, ಮುಖ್ಯ ವೈನ್ ಬಿಗಿಯಾಯಿತು. ಇಷ್ಟಾದರೂ 1980ರ ದಶಕದ ನಡುವಿನ ವರ್ಷಗಳಲ್ಲಿ ಲಾತೂರ್ ಸೊರಗಿತು. 1985 ಮತ್ತು 1986 ಮೆದೊಕ್‌ಗೆ ಒಳ್ಳೆಯ ವರ್ಷಗಳೇ. ಮೂತೊಂ 1986ರಲ್ಲಿ ಅಪೂರ್ವ ವೈನ್ ಮಾಡಿದರೆ ಲಾತೂರ್ ಹಗುರಾದದ್ದನ್ನು ಕೊಟ್ಟಿತು. 1993ರಲ್ಲಿ ಫ್ರೆಂಚ್ ಉದ್ಯಮಿ ಫ್ರಾಂಸ್ವಾ ಪಿನೊ ಕೊಂಡ ಮೇಲೆ ಆಯ್ಕೆ ಮತ್ತೆ ಕಟ್ಟುನಿಟ್ಟಾಯಿತು, 1996ರಿಂದ ಈಚೆಗೆ ಹೆಸರಿಗೆ ತಕ್ಕ ವೈನ್ ಸತತವಾಗಿ ಬಂದಿದೆ.

ವರ್ಷಗಳ ತೂಕ ನೋಡಿದರೆ 1961 ಒಂದು ಮಾನದಂಡ. ವಸಂತದ ಹಿಮದಿಂದ ಆ ವರ್ಷ ಬೆಳೆ ತೀರ ಕಡಿಮೆ. ಉಳಿದ ಕೆಲವೇ ಗೊಂಚಲುಗಳಿಗೆ ಒಣ ಬೇಸಿಗೆಯ ಸಾರವೆಲ್ಲ ಇಳಿಯಿತು. ಗಡಸು ಮತ್ತು ಮಾಧುರ್ಯ ಇಷ್ಟು ದೀರ್ಘಕಾಲ ಒಂದನ್ನೊಂದು ಬಿಡದೆ ಸಾಗಿದ ಬೋರ್ಡೊ ವೈನ್ 20ನೇ ಶತಮಾನದಲ್ಲಿ ಅಪರೂಪ. 1928ರದ್ದು ಇದಕ್ಕೆ ವಿರುದ್ಧದ ಪಾಠ: ಒಗರು ಕರಗಲು ಅರ್ಧ ಶತಮಾನ ಹಿಡಿಯಿತೆಂಬುದು ವೈನ್ ಬಲ್ಲವರಲ್ಲಿ ಪ್ರಚಲಿತವಾದ ಮಾತು. ಕೊಂಡವನ ಆಯುಷ್ಯ ಮುಗಿದು ಮಗನ ಕಾಲಕ್ಕೆ ಸವಿಯಾಗುವ ವೈನನ್ನು ಬೆರಗಿನಿಂದ ನೋಡಬಹುದು, ಆದರ್ಶವೆಂದು ಒಪ್ಪಲಾಗದು. 1970ರದ್ದೂ ದಶಕಗಟ್ಟಲೆ ಮುಚ್ಚಿಕೊಂಡೇ ಇತ್ತು. 1982 ಬಿಸಿಲಿನ, ಹೇರಳ ಬೆಳೆಯ ವರ್ಷ. ಮೊದಲಿನಿಂದಲೂ ಮೃದು, ಸ್ನೇಹಮಯಿ. ಇಷ್ಟು ಬೇಗ ಹಿಡಿಸುವ ವೈನ್ ಬೇಗ ಮುಗಿಯುತ್ತದೆಂದು ಆಗ ಅನೇಕರು ಶಂಕಿಸಿದ್ದರು. ನಾಲ್ಕು ದಶಕ ಕಳೆದರೂ ಅದು ಗಟ್ಟಿಯಾಗಿ ನಿಂತಿದೆ. ಎಳೆತನದ ಕಾಠಿಣ್ಯವೇ ಆಯುಷ್ಯದ ಗುರುತು ಎಂಬ ಹಳೆಯ ನಂಬಿಕೆಗೆ 1982 ಕೊಟ್ಟ ಉತ್ತರ ಇದು.

ಈಗಿನ ಕಾಲದ ಪ್ರಶ್ನೆ ಬೇರೆ. ಹಿಂದೆ ಶೇ. 12ರ ಆಸುಪಾಸಿನಲ್ಲಿರುತ್ತಿದ್ದ ಮದ್ಯಾಂಶ ಬಿಸಿ ವರ್ಷಗಳಲ್ಲಿ ಮೇಲೇರಿ 2010ರಲ್ಲಿ 14ನ್ನು ದಾಟಿದೆ. ಹಣ್ಣು ಪೂರ್ಣ ಮಾಗಿ ಕೊಯ್ಲಾಗುವುದರಿಂದ ಟ್ಯಾನಿನ್ ಪ್ರಮಾಣ ಹಿಂದಿಗಿಂತ ಕಡಿಮೆಯೇನೂ ಇಲ್ಲದಿದ್ದರೂ ಅದರ ಸ್ಪರ್ಶ ನುಣುಪು. ಇಂಥ ವೈನ್ 1961ರ ಹಾದಿಯಲ್ಲೇ ಸಾಗುತ್ತದೆಯೇ? 2003 ಮತ್ತು 2009ರ ಲಾತೂರ್‌ಗಳಲ್ಲಿ ಬಿಸಿಲಿನ ಸಮೃದ್ಧಿ ಎದ್ದು ಕಾಣುತ್ತದೆ. ಇಪ್ಪತ್ತು ಮೂವತ್ತು ವರ್ಷದ ಹರಹಿನಲ್ಲಿ ಅವು ಅತ್ಯಂತ ಸೊಗಸಾಗಿರುತ್ತವೆ. ಶತಮಾನದ ಓಟಕ್ಕೆ ಹುಳಿ, ಒಗರು, ಸಾರ ಮೂರೂ ಹೊಂದಿಕೊಂಡ 2010ರದ್ದೇ ಹೆಚ್ಚು ನಂಬಬಹುದಾದ ಕುದುರೆ. 1996 ಮತ್ತು 2005 ಅದರ ಹಿಂದೆಯೇ ಇವೆ.

ಕಾಯುವ ಹೊಣೆ ಯಾರದ್ದು ಎಂಬ ವಿಷಯದಲ್ಲಿ ಲಾತೂರ್ 2012ರಲ್ಲಿ ಇಡೀ ಬೋರ್ಡೊವನ್ನು ಬೆಚ್ಚಿಬೀಳಿಸಿತು. ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಹಣ ಪಡೆದು ಮಾರುವುದು ಅಲ್ಲಿನ ರೂಢಿ. 2011ರ ಬೆಳೆಯೇ ಹಾಗೆ ಮಾರುವ ಕಡೆಯದು, ಮುಂದಿನದೆಲ್ಲ ತಮ್ಮ ನೆಲಮಾಳಿಗೆಯಲ್ಲಿ ಹಲವು ವರ್ಷ ಇದ್ದು ಕುಡಿಯುವ ಹದಕ್ಕೆ ಹತ್ತಿರ ಬಂದ ಮೇಲೆ ಹೊರಗೆ ಹೋಗುತ್ತದೆ ಎಂದು ಅವರು ಸಾರಿದರು. ವೈನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಹಡಗು, ಗೋದಾಮು, ಹರಾಜು ಎಂದು ಕೈಯಿಂದ ಕೈಗೆ ಅಲೆದು ಬಿಸಿಗೆ ಬಳಲಿದ ಬಾಟಲಿಗೂ ಹುಟ್ಟಿದ ಜಾಗ ಬಿಟ್ಟು ಕದಲದ ಬಾಟಲಿಗೂ ಅಜಗಜಾಂತರ; ಅಸಲಿಯೋ ನಕಲಿಯೋ ಎಂಬ ಅನುಮಾನವೂ ಇಲ್ಲ. ಆದರೆ ಕಾದದ್ದರ ಬೆಲೆಯೆಲ್ಲ ಈಗ ತಯಾರಕರಿಗೆ ಸೇರುತ್ತದೆ. ಎಳೆಯದನ್ನು ಕಡಿಮೆ ಬೆಲೆಗೆ ಕೊಂಡು ತಾನೇ ಇಟ್ಟು ಮಾಗಿಸುತ್ತಿದ್ದ ಸಾಧಾರಣ ರಸಿಕನಿಗೆ ಆ ಬಾಗಿಲು ಮುಚ್ಚಿತು. ಒಂದು ಬಾಟಲಿಗೆ ನೂರಾರು ಯೂರೋ ತೆರಬೇಕಾದ ಕಡೆ ಇದು ಸಣ್ಣ ನಷ್ಟವಲ್ಲ. ಹೊರಬಂದ ವೈನ್ ನಿಜಕ್ಕೂ ಹದಕ್ಕೆ ಬಂದಿರುತ್ತದೆ ಎಂಬ ಮಾತೂ ಅರ್ಧ ಸತ್ಯ. ದೊಡ್ಡ ವರ್ಷದ ಲಾತೂರ್‌ಗೆ ಹತ್ತು ವರ್ಷ ಎಂದರೆ ಬಾಲ್ಯ. ಇಪ್ಪತ್ತಕ್ಕೆ ಮೊದಲು ತೆರೆದವರಿಗೆ ಅದರ ಅರ್ಧವಷ್ಟೇ ಸಿಗುತ್ತದೆ.

ಮನೆಯಲ್ಲಿ ಇಡುವವರಿಗೆ ಮುಖ್ಯವಾದದ್ದು ತಾಪಮಾನ. 12ರಿಂದ 14 ಡಿಗ್ರಿ ಸೆಲ್ಸಿಯಸ್, ಏರಿಳಿತವಿಲ್ಲದೆ. ಬಿರಡೆ ಒಣಗದಷ್ಟು ತೇವ, ಕತ್ತಲೆ, ಬಾಟಲಿ ಅಡ್ಡ ಮಲಗಿರಬೇಕು. ಬೆಂಗಳೂರಿನ ಹಿತವಾದ ಹವೆಯಲ್ಲೂ ಗೋಡೆಯ ಕಪಾಟು ಇದಕ್ಕೆ ಸಾಲದು, ವೈನಿಗೆಂದೇ ಇರುವ ತಂಪು ಪೆಟ್ಟಿಗೆ ಬೇಕು. ಬಿಸಿಯಲ್ಲಿ ವೈನ್ ಬೇಗ ಮುದಿಯಾಗುತ್ತದೆ, ಮಾಗುವುದಿಲ್ಲ. ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿಯಲ್ಲಿ ವೈನಿನ ಪ್ರಮಾಣಕ್ಕೆ ಹೋಲಿಸಿದರೆ ಗಾಳಿ ಕಡಿಮೆ ಇರುವುದರಿಂದ ಇನ್ನೂ ನಿಧಾನವಾಗಿ, ಸಮವಾಗಿ ಪಳಗುತ್ತದೆ. ಹಳೆಯ ಬಾಟಲಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕತ್ತಿನಲ್ಲಿ ವೈನ್ ಎಲ್ಲಿಯವರೆಗೆ ಇದೆ ಎಂಬುದು. ಭುಜದ ನಡುಭಾಗಕ್ಕಿಂತ ಕೆಳಗಿಳಿದಿದ್ದರೆ ಗಾಳಿ ಹೊಕ್ಕಿರುವ ಸಂಭವ ಹೆಚ್ಚು. ತೆರೆಯುವ ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳಕ್ಕೆ ಕೂರುತ್ತದೆ. ಎಳೆಯದನ್ನು ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ ಕೆಲವು ಗಂಟೆ ಬಿಡುವುದು ಒಳ್ಳೆಯದು. ಐವತ್ತು ವರ್ಷ ದಾಟಿದ್ದಕ್ಕೆ ಆ ಉಪಚಾರ ಅಪಾಯ: ಮೆಲ್ಲನೆ, ಗಷ್ಟು ಕದಡದಂತೆ ಬಗ್ಗಿಸಿ ಕೂಡಲೇ ಕುಡಿಯಬೇಕು, ಏಕೆಂದರೆ ಅದರ ಪರಿಮಳ ಗಾಳಿಗೆ ಬಿದ್ದ ಮೇಲೆ ಒಂದು ಗಂಟೆಯೊಳಗೇ ಹಾರಿಹೋಗಬಹುದು.