ಬೀದರ್ ದಾರಿಯ ಕಲ್ಲು, ರತ್ನಾಗಿರಿಯ ಕಡಲು

ಕಲಬುರಗಿಯಿಂದ ಕಡಲಿಗೆ ಹೊರಡುವವರ ಪಟ್ಟಿ ಬಹುಪಾಲು ಮೊದಲೇ ಸಿದ್ಧವಾಗಿರುತ್ತದೆ. ಗೋಕರ್ಣ, ಮುರುಡೇಶ್ವರ, ಉಡುಪಿ, ದಿನ ಮಿಕ್ಕರೆ ಧರ್ಮಸ್ಥಳ. ಕಾಲ ಮೇ ತಿಂಗಳು, ಏಕೆಂದರೆ ಆಗ ಮಕ್ಕಳಿಗೆ ರಜೆ, ಊರಲ್ಲಿ ಬಿಸಿಲು ತಡೆಯಲಾಗದು. ದೇವರ ದರ್ಶನಕ್ಕೆ, ಮರಳಿನಲ್ಲಿ ಆಡುವುದಕ್ಕೆ ಈ ಪಟ್ಟಿ ಸರಿಯೇ. ಆದರೆ ಕಡಲಿಗೆ ಎದೆಕೊಟ್ಟು ನಿಂತ ಬಂಡೆಗೋಡೆಗಳನ್ನು ನೋಡುವ ಹಂಬಲವಿದ್ದರೆ ಈ ಊರುಗಳೂ ಈ ತಿಂಗಳೂ ಕೆಲಸಕ್ಕೆ ಬಾರವು. ಬಂಡೆ ನೋಡಲು ಹೋಗುವವರು ಊರಿನ ಹೆಸರು ಹಿಡಿದು ಹೋಗಬಾರದು. ಕಲ್ಲನ್ನೂ ತಿಥಿಯನ್ನೂ ಹಿಡಿದು ಹೋಗಬೇಕು. ಹಾಗೆ ಹೋದರೆ ಕಲಬುರಗಿಯವರ ದಾರಿ ಗೋಕರ್ಣದ ಕಡೆ ತಿರುಗುವುದಿಲ್ಲ. ಸೊಲ್ಲಾಪುರ, ಕೊಲ್ಹಾಪುರ ದಾಟಿ, ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿರುವ ರತ್ನಾಗಿರಿಯ ಕಡೆ ಸಾಗುತ್ತದೆ. ಅದಕ್ಕೂ ಮೊದಲು ಒಂದು ಭಾನುವಾರವನ್ನು ಕಮಲಾಪುರದ ದಾರಿಗೆ ಮೀಸಲಿಡಬೇಕಾಗುತ್ತದೆ.

ಕಮಲಾಪುರ ಏಕೆ? ಕಲಬುರಗಿಯ ತೆಂಕಣ ಬದಿಯಲ್ಲಿ ಮನೆಮನೆಗೂ ಫರ್ಸಿ ಕೊಡುವ ಶಹಾಬಾದಿನ ಸುಣ್ಣದಕಲ್ಲಿದೆ. ಬಡಗಣ ಬದಿಯಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು, ಅಂದರೆ ಬಸಾಲ್ಟ್. ಹುಮನಾಬಾದ್ ರಿಂಗ್ ರಸ್ತೆ ಬಿಟ್ಟು ಸುಮಾರು 35 ಕಿ.ಮೀ. ಹೋದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಸುತ್ತಲಿನ ಗುಡ್ಡಗಳ ಓರೆಯನ್ನು ಗಮನಿಸಿ. ಇಳಿಜಾರು ಒಂದೇ ಸಮನಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ಲಾವಾ ಒಂದೇ ಸಲಕ್ಕೆ ಬಂದದ್ದಲ್ಲ. ಹರಿದು, ಆರಿ, ಮತ್ತೆ ಹರಿದು, ಪೇರಿಸಿಟ್ಟ ಜೋಳದ ರೊಟ್ಟಿಯ ಹಾಗೆ ಪದರ ಪದರವಾಗಿ ಕೂತಿದೆ. ಎರಡು ಹರಿವುಗಳ ನಡುವೆ ಕೆಲವೆಡೆ ಕೆಂಪು ಮಣ್ಣಿನ ತೆಳು ಪಟ್ಟಿ ಸಿಕ್ಕಿಕೊಂಡಿರುತ್ತದೆ. ಕಲ್ಲು ಗಟ್ಟಿ, ಪಟ್ಟಿ ಮೆತ್ತಗೆ. ಮುಂದೆ ಕಡಲು ಮಾಡುವ ಕೆಲಸದ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ.

ಅದೇ ದಾರಿಯಲ್ಲಿ ಹುಮನಾಬಾದ್ ದಾಟಿ ಬೀದರ್‌ಗೆ ಏರಿದರೆ ಕಲ್ಲಿನ ಬಣ್ಣವೇ ಬದಲಾಗುತ್ತದೆ. ಬೀದರ್ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಕೋಟೆಯ ಕಂದಕವನ್ನು ಮೂರು ಸಾಲಾಗಿ ಕೊರೆದದ್ದು ಈ ಕೆಂಪು ಕಲ್ಲಿನಲ್ಲೇ. ಇದು ಬೇರೆಲ್ಲಿಂದಲೋ ಬಂದ ಕಲ್ಲೂ ಅಲ್ಲ: ಬಸಾಲ್ಟ್ ಲಕ್ಷಾಂತರ ವರ್ಷ ಮಳೆಬಿಸಿಲಿಗೆ ಕೊಳೆತು, ಕಬ್ಬಿಣದ ಅಂಶ ಉಳಿದು ಗಟ್ಟಿಯಾದದ್ದು. ಮೈತುಂಬ ತೂತು ಇರುವುದರಿಂದ ಮಳೆನೀರು ಇದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗಿನ ಜೇಡಿ ಮತ್ತು ಕರಿಕಲ್ಲು ಸಿಕ್ಕೊಡನೆ ತಡೆದು ಅಡ್ಡಡ್ಡ ಹೊರಬರುತ್ತದೆ. ಗುರುನಾನಕ್ ಝೀರಾದ ಬುಗ್ಗೆ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವ ಝರಣಿ ನರಸಿಂಹನ ಗುಹೆ, ಬಹಮನಿಗಳ ಕಾಲದ ನೌಬಾದಿನ ಕರೇಜ್ ಎಂಬ ನೆಲದಡಿಯ ನೀರುಗಾಲುವೆ, ಎಲ್ಲಕ್ಕೂ ಮೂಲ ಈ ಕಲ್ಲಿನ ಗುಣವೇ. ಹೀಗೆ ಕಲಬುರಗಿಯಿಂದ ಬೀದರ್‌ವರೆಗಿನ ಸುಮಾರು 110 ಕಿ.ಮೀ. ದಾರಿಯಲ್ಲಿ ಅಡಿಯಲ್ಲಿ ಕರಿಕಲ್ಲು, ನೆತ್ತಿಯ ಮೇಲೆ ಕೆಂಪುಕಲ್ಲು, ನಡುವೆ ನೀರು ಒಸರುವ ಗೆರೆ ಎಂಬ ಕ್ರಮ ಮಲಗಿಕೊಂಡಿದೆ. ಕೊಂಕಣದ ಕಡಲಂಚಿನಲ್ಲಿ ಇದೇ ಕ್ರಮ ಒಂದೇ ಗೋಡೆಯಲ್ಲಿ ನೆಟ್ಟಗೆ ನಿಂತಿದೆ.

ರತ್ನಾಗಿರಿಯ ರತ್ನದುರ್ಗ ಇರುವ ಭೂಶಿರ, ಅಲ್ಲಿಂದ ಗಣಪತಿಪುಳೆಗೆ ಹೋಗುವ ಕರಾವಳಿ ರಸ್ತೆಯಲ್ಲಿ ಸಿಗುವ ಆರೆ-ವಾರೆಯ ತಿರುವು, ತೆಂಕಣಕ್ಕೆ ಕಶೇಳಿಯ ದೇವಘಳಿ, ಇಲ್ಲೆಲ್ಲ ಮೇಲೆ ಬಯಲಿನಂಥ ಕೆಂಪುಕಲ್ಲಿನ ಹಾಸು, ಅಂಚಿಗೆ ಬಂದರೆ ನೇರ ಇಳಿಯುವ ಗೋಡೆ, ಬುಡದಲ್ಲಿ ಕಡಲು. ಅಲೆ ಗೋಡೆಯ ಎಲ್ಲ ಭಾಗವನ್ನೂ ಸಮನಾಗಿ ಹೊಡೆಯುವುದಿಲ್ಲ. ಉಬ್ಬರ ಮತ್ತು ಇಳಿತದ ನಡುವಿನ ಪಟ್ಟಿಯಲ್ಲಷ್ಟೇ ದಿನವೂ ಕಚ್ಚುತ್ತದೆ. ಬಿರುಕು ಕಂಡಲ್ಲಿ, ಮೆತ್ತನೆಯ ಪದರ ಕಂಡಲ್ಲಿ ಒಳನುಗ್ಗಿ ಗವಿ ಮಾಡುತ್ತದೆ. ಬುಡ ಸವೆದಂತೆ ಮೇಲಿನ ಭಾಗ ಮುಂದಕ್ಕೆ ಚಾಚಿಕೊಳ್ಳುತ್ತದೆ, ಒಂದು ದಿನ ಉರುಳುತ್ತದೆ, ಗೋಡೆ ಮತ್ತೆ ನೆಟ್ಟಗಾಗುತ್ತದೆ. ಗೋಡೆ ಹಿಂದೆ ಸರಿದ ಜಾಗದಲ್ಲಿ ಕಲ್ಲಿನ ಸಮತಟ್ಟು ಜಗುಲಿಯೊಂದು ಉಳಿಯುತ್ತದೆ. ರಾಯಗಡ ಜಿಲ್ಲೆಯ ಹರಿಹರೇಶ್ವರದಲ್ಲಿ ಗುಡ್ಡ ಸುತ್ತುವ ಪ್ರದಕ್ಷಿಣೆಯ ಹಾದಿ ಇಂಥ ಜಗುಲಿಯ ಮೇಲೆಯೇ ಹೋಗುತ್ತದೆ. ಕಡಲು ಇಳಿದಿದ್ದರೆ ಮಾತ್ರ ಅಲ್ಲಿ ಪ್ರದಕ್ಷಿಣೆ ಸಾಧ್ಯ. ಭಕ್ತಿ ಎಷ್ಟಿದ್ದರೂ ಉಬ್ಬರದ ಹೊತ್ತಿಗೆ ಹಾದಿಯೇ ಇರುವುದಿಲ್ಲ.

ಭೂವಿಜ್ಞಾನ ಬಲ್ಲವರು ಇಲ್ಲಿ ತಕರಾರು ತೆಗೆಯಬಹುದು: ಬೀದರ್‌ನ ಕೆಂಪುಕಲ್ಲು ಎತ್ತರದ ಪ್ರಸ್ಥಭೂಮಿಯದು, ಕೊಂಕಣದ್ದು ಕರಾವಳಿಯ ತಗ್ಗಿನದು, ಎರಡನ್ನೂ ಒಂದೇ ಹಾಸು ಎನ್ನುವಂತಿಲ್ಲ. ಒಪ್ಪತಕ್ಕ ಮಾತೇ. ಅವು ಬೇರೆ ಬೇರೆ ಮಟ್ಟದಲ್ಲಿ, ಬೇರೆ ಬೇರೆ ಕಾಲಕ್ಕೆ ಆದವು. ಆದರೆ ಹುಟ್ಟಿದ ಬಗೆ ಒಂದೇ, ನೀರಿನೊಡನೆ ನಡೆದುಕೊಳ್ಳುವ ರೀತಿಯೂ ಒಂದೇ. ನೋಡುವ ಕಣ್ಣಿಗೆ ತರಬೇತಿ ಕೊಡಲು ಅಷ್ಟು ಸಾಕು. ಝರಣಿಯ ನೀರು ಎಲ್ಲಿಂದ ಒಸರುತ್ತದೆಂದು ತಿಳಿದವರು ದೇವಘಳಿಯ ಗೋಡೆಯಲ್ಲಿ ತೇವದ ಗೆರೆ ಕಂಡರೆ ಅದರ ಕೆಳಗೆ ಚಾಪೆ ಹಾಸುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ನಮ್ಮದೇ ರಾಜ್ಯದ ಕರಾವಳಿ ಇರುವಾಗ ಪಕ್ಕದ ರಾಜ್ಯಕ್ಕೇಕೆ ಹೋಗಬೇಕು ಎಂಬುದು. ದೂರದ ಲೆಕ್ಕ ಹಾಕಿದರೆ ಕಲಬುರಗಿಯಿಂದ ಗೋಕರ್ಣವೂ ರತ್ನಾಗಿರಿಯೂ ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಐನೂರು ಕಿ.ಮೀ. ಆಸುಪಾಸು. ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್ ಬೀಚ್‌ಗಳ ನಡುವಿನ ಗುಡ್ಡದ ಕಾಲುದಾರಿ ಚೆಂದವೇ, ಆದರೆ ಅಲ್ಲಿನ ಸೊಗಸು ಕೊಲ್ಲಿಯಿಂದ ಕೊಲ್ಲಿಗೆ ನಡೆಯುವುದರಲ್ಲಿದೆ. ಗುಡ್ಡ ಕಡಲಿಗೆ ಓರೆಯಾಗಿ, ಪೊದೆ ಹೊದ್ದು ಇಳಿಯುತ್ತದೆ. ಕಲ್ಲಿನ ಕತ್ತರಿಸಿದ ಮೈ ಅಷ್ಟಾಗಿ ಕಾಣದು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಮಾತು ಬೇರೆ. ಸುಮಾರು 8.8 ಕೋಟಿ ವರ್ಷ ಹಿಂದಿನ, ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಕಾಲದ ಲಾವಾ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಂಬಗಳ ಅಂದಕ್ಕೆ ಅದಕ್ಕೆ ಸಾಟಿ ಕೊಂಕಣದಲ್ಲಿಲ್ಲ. ಆದರೆ ಅದು ತಗ್ಗಾದ ದ್ವೀಪ; ದೋಣಿ ಹತ್ತಿ, ಹಗಲಿಗೆ ಹೋಗಿ ಹಗಲಿಗೇ ಬರಬೇಕು. ಗೋಡೆಯ ಬುಡದಲ್ಲಿ ಇಡೀ ಸಂಜೆ ಕಳೆಯುವ ಅವಕಾಶ ಅಲ್ಲಿಲ್ಲ. ಇನ್ನು ಎತ್ತರದ ಮಾತು. ಐರ್ಲೆಂಡಿನ ಮೋಹರ್ ಬಂಡೆಗಳು 214 ಮೀಟರ್ ಏರುತ್ತವೆ, ಫೆರೋ ದ್ವೀಪಗಳ ಎನ್ನಿಬರ್ಗ್ 750 ಮೀಟರ್ ಮೀರಿದೆ. ಅವುಗಳೆದುರು ರತ್ನಾಗಿರಿಯ ಗೋಡೆಗಳು ಗಿಡ್ಡ. ಗಮ್ಮತ್ತೆಂದರೆ ಫೆರೋದ ಕಲ್ಲೂ ಪದರಗಟ್ಟಿದ ಬಸಾಲ್ಟೇ, ಅಲ್ಲಿಯೂ ಹರಿವುಗಳ ನಡುವೆ ಕೆಂಪು ಪಟ್ಟಿ. ಗೋಡೆ ಇಷ್ಟೆತ್ತರವಾದಾಗ ಬುಡದ ಕೆಲಸ ನೋಡಲು ದೋಣಿಯಲ್ಲಿ ಹೋಗಬೇಕು. ಗಿಡ್ಡ ಗೋಡೆಯಾದರೆ ನೆತ್ತಿಯ ಕೆಂಪಿನಿಂದ ಬುಡದ ಜಗುಲಿಯವರೆಗೆ ಒಂದೇ ನೋಟಕ್ಕೆ ಸಿಗುತ್ತದೆ.

ಇನ್ನು ಕಾಲದ ಪ್ರಶ್ನೆ. ಪ್ರವಾಸದ ಗೆಲುವು ಸೋಲು ನಿಂತಿರುವುದು ಇಲ್ಲೇ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಪಶ್ಚಿಮ ಕರಾವಳಿಯಲ್ಲಿ ಬಡಗಣಕ್ಕೆ ಹೋದಂತೆ ಏರಿಳಿತ ಹೆಚ್ಚುತ್ತದೆ: ಕಾರವಾರಕ್ಕಿಂತ ರತ್ನಾಗಿರಿಯಲ್ಲಿ, ರತ್ನಾಗಿರಿಗಿಂತ ಮುಂಬೈಯಲ್ಲಿ. ರತ್ನಾಗಿರಿಯ ಕಡೆ ಅಮಾವಾಸ್ಯೆ, ಹುಣ್ಣಿಮೆಯಂದು ಉಬ್ಬರ ನಡುಹಗಲಿಗೆ ಸ್ವಲ್ಪ ಮೊದಲು ತುದಿ ಮುಟ್ಟಿ, ಇಳಿತ ಸಂಜೆ ಐದರ ಸುಮಾರಿಗೆ ಬರುತ್ತದೆ. ಈ ಗೋಡೆಗಳೆಲ್ಲ ಪಡುವಣಕ್ಕೆ ಮುಖ ಮಾಡಿದವು. ಬೆಳಗ್ಗೆ ಅವುಗಳ ಮೇಲೆ ನೆರಳು. ಬೆಳಕು ನೇರ ಬಿದ್ದು ಪದರಗಳು ಬಿಡಿಬಿಡಿಯಾಗಿ ಕಾಣುವುದು ಸಂಜೆಯ ಎರಡು ತಾಸಿನಲ್ಲಿ. ಅದೇ ಹೊತ್ತಿಗೆ ಕಡಲು ಪೂರ್ತಿ ಇಳಿದು ಜಗುಲಿ ಬಯಲಾಗಿದ್ದರೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಷ್ಟಮಿಗೆ ಹೋದರೆ ಇದು ತಿರುಗುಮುರುಗು: ಸಂಜೆಯ ಬೆಳಕು ಬರುವ ಹೊತ್ತಿಗೆ ನೀರು ಗೋಡೆಗೆ ಬಡಿಯುತ್ತಿರುತ್ತದೆ, ಜಗುಲಿ ಮುಳುಗಿರುತ್ತದೆ.

ನಮ್ಮ ಕಡೆಯ ಹಬ್ಬಗಳು ಈ ಲೆಕ್ಕಕ್ಕೆ ಒಗ್ಗುವಂತೆಯೇ ಇವೆ. ದಸರೆ ಮುಗಿದ ಮೇಲೆ ಬರುವ ಶೀಗಿ ಹುಣ್ಣಿಮೆ, ದೀಪಾವಳಿಯ ಅಮಾವಾಸ್ಯೆ, ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳಮಾಸಿ. ಹಬ್ಬದ ದಿನ ಮನೆ ಬಿಡಲಾಗದು ನಿಜ, ಆದರೆ ಮಾರನೆಯ ದಿನ ಹೊರಟರೂ ಇಳಿತ ಒಂದು ತಾಸು ತಡವಾಗುತ್ತದೆ ಅಷ್ಟೆ. ಸೂರ್ಯಾಸ್ತದ ಹತ್ತಿರವೇ ಬರುತ್ತದೆ. ಮೂರರಲ್ಲಿ ಮೊದಲ ಎರಡು ಮೇಲು. ಮಳೆ ಹಿಂದೆಗೆದಿರುತ್ತದೆ, ಕೆಂಪುಹಾಸಿನ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಪಂಚಾಂಗ ದಾರಿ ತೋರಿಸುತ್ತದೆಯೇ ಹೊರತು ಗಂಟೆ ನಿಮಿಷ ಹೇಳದು; ಅದಕ್ಕೆ ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಪಟ್ಟಿ ನೋಡಬೇಕು. ಅಲೆಯ ಎಚ್ಚರಿಕೆಗೆ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರವಿದೆ. ಬೇರೆಲ್ಲೋ ಎದ್ದ ಬಿರುಗಾಳಿಯ ಅಲೆ ಇಲ್ಲಿ ತಿಳಿಯಾದ ಬಾನಿನ ಕೆಳಗೂ ಬಂದು ಅಪ್ಪಳಿಸಬಹುದಾದ್ದರಿಂದ ಹೊರಡುವ ಹಿಂದಿನ ದಿನ ಅದನ್ನು ನೋಡದೆ ಇರಕೂಡದು.

ಮಳೆಗಾಲದ ಕಡಲೇ ನಿಜವಾದ ಕಡಲು, ಜುಲೈ ಬಿಟ್ಟು ಅಕ್ಟೋಬರ್‌ನಲ್ಲಿ ಹೋಗುವುದು ಸಪ್ಪೆ ಎನ್ನುವವರಿದ್ದಾರೆ. ಅಬ್ಬರವೇ ಬೇಕೆಂದರೆ ಅವರ ಮಾತು ಸರಿ. ಆದರೆ ವರ್ಷಕ್ಕೆ 750 ಮಿ.ಮೀ. ಆಸುಪಾಸಿನ ಮಳೆ ಕಂಡ ನಮಗೆ, 3000 ಮಿ.ಮೀ. ಮೀರಿ ಸುರಿಯುವ ರತ್ನಾಗಿರಿಯ ಮಳೆ ಏನೆಂದು ಅಂದಾಜಿರುವುದಿಲ್ಲ. ಘಾಟಿಯಲ್ಲಿ ಮಣ್ಣು ಜಾರುತ್ತದೆ, ಮಂಜಿನಲ್ಲಿ ಗೋಡೆಯೇ ಕಾಣದು, ನೀರು ಕುಡಿದು ಭಾರವಾದ ಕೆಂಪುಕಲ್ಲಿನ ಅಂಚು ಉರುಳುವ ಕಾಲವೂ ಅದೇ. ಜುಲೈಯಲ್ಲಿ ಅಲೆ ನೋಡಬಹುದು, ಬಂಡೆ ನೋಡಲಾಗದು. ಮೇ ತಿಂಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನೆರಳಿಲ್ಲದ ಕೆಂಪುಹಾಸಿನ ಮೇಲೆ ಮಧ್ಯಾಹ್ನ ನಿಲ್ಲಲು ಕಲಬುರಗಿಯವರಿಗೂ ಆಗದು.

ಅದು ಪರರಾಜ್ಯದ ಕಡಲು ಎಂಬ ಅಳುಕಿಗೆ ಇತಿಹಾಸದಲ್ಲೇ ಉತ್ತರವಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದ ಮೇಲೆ ಈ ರಾಜ್ಯದ ಕಡಲಬಾಗಿಲು ಇದ್ದದ್ದು ಕೊಂಕಣದಲ್ಲಿ. ರತ್ನಾಗಿರಿಗೆ ಬಡಗಣದ ದಾಭೋಳ ಅದರ ಮುಖ್ಯ ಬಂದರುಗಳಲ್ಲೊಂದು. ಮುಂದೆ ಬಹಮನಿಗಳ ಮಂತ್ರಿಯಾದ ಮಹಮೂದ್ ಗಾವಾನ್ 1453ರಲ್ಲಿ ಬಂದಿಳಿದದ್ದು ಅಲ್ಲಿ. ಬೀದರ್ ಕಂಡ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಮರಳಿ ಹಡಗು ಹತ್ತಿದ್ದೂ ಅಲ್ಲಿಂದಲೇ. ಬಹಮನಿ ಸುಲ್ತಾನನ ಕರೆಗೆ ಓಗೊಟ್ಟ ಪಾರಸಿ ಕವಿ ಹಾಫಿಜ್ ಹೊರ್ಮುಜ್‌ನಲ್ಲಿ ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಹಿಂದಿರುಗಿದನೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಹಾಫಿಜ್ ಬಂದಿದ್ದರೆ ಬಹುಶಃ ಇದೇ ಬಂಡೆಗಳನ್ನು ಮೊದಲು ಕಾಣುತ್ತಿದ್ದ.

ಹೊರಡುವವರು ಬೆಳಗಿನ ಜಾವ ಬಿಟ್ಟು ಹಗಲಿರುವಾಗಲೇ ಅಂಬಾ ಘಾಟಿ ಇಳಿಯಬೇಕು. ಕಮಲಾಪುರದ ಮೆಟ್ಟಿಲುಗಳು ಅಲ್ಲಿ ಸಹ್ಯಾದ್ರಿಯ ಎತ್ತರಕ್ಕೆ ಬೆಳೆದು ನಿಂತಿರುವುದು ಕತ್ತಲಲ್ಲಿ ಕಾಣದು. ಉಳಿದುಕೊಳ್ಳುವುದು ಒಂದೇ ಊರಲ್ಲಿರಲಿ, ಮೂರು ರಾತ್ರಿಯಾದರೂ ಇರಲಿ. ಸಂಜೆಗಳು ಬಂಡೆಗೆ ಮೀಸಲು. ಬೆಳಗಿನ ಹೊತ್ತನ್ನು ಕೆಂಪುಹಾಸಿನ ಮೇಲಿನ ಹಳೆಯ ಕೊರೆಚಿತ್ರಗಳಿಗೆ ಕೊಡಬಹುದು. ಕಶೇಳಿಯಲ್ಲಿ ನೆಲದ ಮೇಲೆ ಕೊರೆದ ಆನೆ ಸುಮಾರು 18 ಮೀಟರ್ ಉದ್ದವಿದೆ. ಕೊಂಕಣದ ಈ ಚಿತ್ರಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಹಿರಿಯರು ಜೊತೆಗಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಆರೆ-ವಾರೆಯಲ್ಲಿ ರಸ್ತೆಯೇ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅವರು ಅಂಚಿನಿಂದ ಸಾಕಷ್ಟು ಹಿಂದೆ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ನೋಡಬಹುದು. ಕೆಳಗೆ ಹೋಗುವವರು ಇಳಿತದ ಹೊತ್ತಿಗೆ ಎರಡು ತಾಸು ಮುಂಚೆ ಇಳಿದು, ಚಾಚಿದ ಅಂಚಿನ ಕೆಳಗೆ ನಿಲ್ಲದೆ, ಹಸಿರು ಪಾಚಿ ಇದ್ದಲ್ಲಿ ಕಾಲಿಡದೆ, ನೀರು ತಿರುಗಿ ಏರತೊಡಗುವ ಮೊದಲೇ ಮೇಲೆ ಬಂದಿರಬೇಕು.